ಜಾಬಿತಾದ ಎರಡನೆಯ ಸಾಲು

ನನ್ನ ಮಾವ ಬದುಕಿದ್ದಷ್ಟು ದಿನವೂ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸಿದೆ. ಸೆರಗು ಭುಜದ ತುಂಬ ಹೊದ್ದು, ಕಣ್ಣು ನೆಲದ ಮೇಲಿಟ್ಟು, ‘ಹೂಂ ಮಾವಾರೇ, ಆಗಲಿ ಮಾವಾರೇ’ ಎಂದದ್ದೇ ಎಂದದ್ದು. ಈಗ ಅವನೂ ಇಲ್ಲ, ಅವನು ಕೂರುತ್ತಿದ್ದ ಜಗುಲಿಯೂ ಇಲ್ಲ. ಕಾಗದದ ಮೇಲೆ ನನ್ನನ್ನು ಗದರಿಸುವವರು ಯಾರೂ ಉಳಿದಿಲ್ಲ. ಆದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ಅಷ್ಟು ಸಾಕು ಅವನಿಗೆ.

ಅವನು ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ದಫೇದಾರನಾಗಿದ್ದವನು. ದಫೇದಾರ ಅಂದರೆ ಏನು ಮಹಾ? ಅಮಲ್ದಾರರ ಬಾಗಿಲಲ್ಲಿ ನಿಲ್ಲುವ ಜವಾನರಿಗೆ ಹಿರಿಯ, ಅಷ್ಟೆ. ಎದೆಗೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ, ಪಟ್ಟಿಗೊಂದು ಹಿತ್ತಾಳೆ ಬಿಲ್ಲೆ. ಒಳಗೆ ಬರೆಯುವವರು ಬೇರೆ, ಓದಿ ಹೇಳುವವರು ಬೇರೆ, ರುಜು ಹಾಕುವವರು ಬೇರೆ. ಇವನ ಕೆಲಸ ಕಾಗದದ ಕಟ್ಟುಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೊರುವುದು. ಹೊತ್ತು ಹೊತ್ತು ಅವುಗಳ ಹೆಸರು ಬಾಯಿಗೆ ಹತ್ತಿತ್ತು. ಪಿಂಚಣಿ ಆಗಿ ಊರಿಗೆ ಬರುವಾಗ ಬಿಲ್ಲೆಯನ್ನು ಸರ್ಕಾರ ವಾಪಸು ಇಸಿದುಕೊಂಡಿತು, ಹೆಸರುಗಳನ್ನು ಇವನಿಗೇ ಬಿಟ್ಟಿತು. ಅದು ಸರ್ಕಾರ ಮಾಡಿದ ದೊಡ್ಡ ತಪ್ಪು.

ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಿಂದ. ನಮ್ಮಪ್ಪ ಅಲ್ಲಿ ಹಳ್ಳಿ ಶಾಲೆಯ ಮೇಷ್ಟರು. ಹೆಣ್ಣೆಂದು ನೋಡದೆ ನನಗೆ ಚೆನ್ನಾಗಿ ಓದುಬರಹ ಕಲಿಸಿದ್ದ. ಗಂಡನ ಊರು ಹೆಗ್ಗಡದೇವನಕೋಟೆಯಿಂದ, ನಮ್ಮವರ ಬಾಯಲ್ಲಿ ಬರೀ ಕೋಟೆ, ನಾಲ್ಕು ಮೈಲಿ ಒಳಗೆ, ಕಾಡಿನ ಸೆರಗು. ರಾಗಿ, ಹುರುಳಿ, ಚಳಿಜ್ವರ, ಇಷ್ಟೇ ಅಲ್ಲಿ ಹುಲುಸಾಗಿ ಬೆಳೆಯುತ್ತಿದ್ದದ್ದು. ಹೋದ ಮೊದಲ ವಾರದಲ್ಲೇ ಕೋಟೆಯ ಸಂತೆಗೆ ಹೊರಟ ಗಂಡನ ಕೈಗೆ ಒಂದು ಚೀಟಿ ಬರೆದು ಕೊಟ್ಟೆ. ಮೇಲೆ ‘ಸಾಮಾನು ಪಟ್ಟಿ’ ಎಂದು ಬರೆದು, ಎಲ್ಲರ ಮನೆಯ ಪದ್ಧತಿಯಂತೆ ಮೊದಲು ಅರಿಶಿನ, ಆಮೇಲೆ ಉಪ್ಪು, ಮೆಣಸಿನಕಾಯಿ. ಚೀಟಿ ಗಂಡನ ಕೈಯಿಂದ ಮಾವನ ಕೈಗೆ ಹೋಯಿತು. ದಾರ ಕಟ್ಟಿದ ಕನ್ನಡಕ ಮೂಗಿಗೇರಿತು.

“ಏನವ್ವ, ಪಟ್ಟಿ ಅಂತ ಬರ್ದಿದ್ದೀಯೆ? ಪಟ್ಟಿ ಅಂದ್ರೇನು ಗೊತ್ತಾ ನಿಂಗೆ?”

ನನ್ನ ಉತ್ತರಕ್ಕೆ ಅವನು ಕಾಯಲಿಲ್ಲ.

“ಅರಿವೆ ಸೀಳಿದ್ರೆ ಉದ್ದಕ್ಕೆ ಬತ್ತದಲ್ಲಾ, ಆ ಸೀಳಿಗೆ ಪಟ್ಟಿ ಅನ್ನೋದು. ಗಾಯಕ್ಕೆ ಕಟ್ಟದು. ಎದೆ ಮ್ಯಾಲೆ ನಾನು ಆಕಂತಿದ್ನಲ್ಲಾ, ಅದು. ಸಂತೆ ಸಾಮಾನಿಗೆ ಯಾದಿ ಅನ್ಬೇಕು ಕಣವ್ವ. ಯಾದ್ ಅಂದ್ರೆ ತುರುಕ್ರು ಮಾತಲ್ಲಿ ನೆಪ್ಪು. ಮರ್ತೋಗ್ಬಾರ್ದು ಅಂತ ಬರ್ಕೊಳ್ಳದು ಯಾದಿ.”

ಪಟ್ಟಿಯನ್ನು ಹೊಡೆಸಿ ಯಾದಿ ಎಂದು ಬರೆಸಿದ. ಅಷ್ಟರಲ್ಲಿ ಜೊತೆಯವರ ಗಾಡಿ ಹೊರಟುಹೋಗಿತ್ತು. ನನ್ನ ಗಂಡ ನಾಲ್ಕು ಮೈಲಿ ನಡೆದು ಹೋಗಿ, ಉಪ್ಪು ಮರೆತು ಬಂದ. ಅವನು ಅಪ್ಪನೆದುರು ಬಾಯಿ ಬಿಡುತ್ತಿದ್ದದ್ದು ಊಟಕ್ಕೆ ಮಾತ್ರ.

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ನಾನು ರಾಗಿ ಬೀಸುತ್ತಿದ್ದರೆ ಬಾಗಿಲಲ್ಲಿ ಕೂತು ಪಾಠ. ಯಾದಿ ಮನೆಯದು, ಹರಿದು ಬಿಸಾಕಬಹುದು. ಜಾಬಿತಾ ಸರ್ಕಾರದ್ದು, ಆ ಮಾತಿನ ಮೂಲ ಅರ್ಥವೇ ಕಟ್ಟಳೆ ಅಂತೆ, ಅದರಲ್ಲಿ ಬಂದವನು ಉಂಟು, ಬಾರದವನು ಇಲ್ಲ. ಕಟ್ಟಿನೊಳಗೆ ಏನೇನಿದೆ ಎಂದು ಮೇಲ್ಗಡೆ ಬರೆದಿಡುವುದು ಫಿರಿಸ್ತು. ಗೆರೆ ಎಳೆದು ಮನೆ ಮನೆಯಾಗಿ ತುಂಬಿಸಿದರೆ ತಖ್ತೆ. ತಖ್ತೆ ಅಂದರೆ ಹಲಗೆ. ಆ ಒಂದೊಂದು ಮನೆಗೆ ಖಾನೆ ಎನ್ನಬೇಕು, ಖಾನೆ ಎಂದರೂ ಅವರ ಮಾತಿನಲ್ಲಿ ಮನೆಯೇ. ಊರವರ ತಲೆ ಎಣಿಸುವುದಕ್ಕೆ ಅದಕ್ಕೇ ಖಾನೇಷುಮಾರಿ ಎನ್ನುವುದಂತೆ, ಮನೆ ಎಣಿಕೆ. ಇಷ್ಟನ್ನೂ ಅವನು ಯಾವ ಪುಸ್ತಕದಲ್ಲೂ ಓದಿದವನಲ್ಲ. ಕಚೇರಿಯಲ್ಲಿ ಒಬ್ಬ ಮುದುಕ ಮುನ್ಷಿ ಬೇಸರಕ್ಕೆ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡಿದ್ದ. ಹೊಟ್ಟೆ ಉರಿಯುವ ಸಂಗತಿಯೆಂದರೆ, ಅವನು ಹೇಳಿದ್ದರಲ್ಲಿ ಬಹಳಷ್ಟು ನಿಜ. ಮುಂದೆ ನಮ್ಮಪ್ಪನನ್ನು ಕೇಳಿ ತಿಳಿದುಕೊಂಡೆ. ಆ ಮನುಷ್ಯನ ಬಾಯಲ್ಲಿ ನಿಜವೂ ಹಳಸಿದ ಅನ್ನದ ಹಾಗೆ ನಾರುತ್ತಿತ್ತು.

ಅತ್ತಿಗೆಯ ವಿಷಯ ಹೇಳಬೇಕು. ಗಂಡನ ಅಕ್ಕ. ಅವಳನ್ನು ಎನ್. ಬೇಗೂರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಆ ಗಂಡ ಇನ್ನೊಬ್ಬಳನ್ನು ಕೂಡಿಕೆ ಮಾಡಿಕೊಂಡ. ಅತ್ತಿಗೆ ಒಂದು ವರ್ಷ ಇಬ್ಬರಿಗೂ ಅಡಿಗೆ ಮಾಡಿ ಹಾಕಿ, ಒಂದು ದಿನ ಬೆಳಿಗ್ಗೆ ಉಟ್ಟ ಸೀರೆಯಲ್ಲೇ ನಡೆದು ತವರಿಗೆ ಬಂದುಬಿಟ್ಟಳು. ನಾನು ಸೊಸೆಯಾಗಿ ಬಂದಾಗ ಅವಳಾಗಲೇ ಅಲ್ಲಿದ್ದಳು. ಹಸು ಕರೆಯುವುದು, ಸಗಣಿ ಬಾಚುವುದು, ಒಲೆ, ಬಚ್ಚಲು, ನನ್ನ ಎರಡು ಬಾಣಂತನ, ಎಲ್ಲ ಅವಳದೇ. ಓದುಬರಹ ಬಾರದು. ಸಂತೆಯಿಂದ ಏನು ತರಬೇಕೆಂದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು, ಒಂದೊಂದು ಸಾಮಾನಿಗೆ ಒಂದೊಂದು ಗಂಟು. ಒಂದು ದಿನವೂ ಒಂದು ಸಾಮಾನೂ ಮರೆತದ್ದಿಲ್ಲ. ಮಾವನ ಕಣ್ಣಿಗೆ ಅದು ಪಟ್ಟಿಯೂ ಅಲ್ಲ, ಯಾದಿಯೂ ಅಲ್ಲ. ನನ್ನ ಅತ್ತೆ, ಎಂದರೆ ಮಾವನ ಹೆಂಡತಿ, ಇನ್ನೂ ಬದುಕಿದ್ದ ಕಾಲ ಅದು. ಆಮೇಲೆ ಒಂದು ಮಳೆಗಾಲದ ಚಳಿಜ್ವರದಲ್ಲಿ ಅತ್ತೆ ಹೋದಳು.

ಎರಡನೆಯ ಮಹಾಯುದ್ಧ ಎಲ್ಲೋ ನಡೆಯುತ್ತಿತ್ತು. ನಮಗೆ ಅದು ಮೊದಲು ಸೀಮೆಎಣ್ಣೆಯಲ್ಲಿ ಕಾಣಿಸಿತು, ಆಮೇಲೆ ಬಟ್ಟೆಯಲ್ಲಿ. ಅಂಗಡಿಗಳಲ್ಲಿ ಸೀರೆ ಅನ್ನುವ ಪದಾರ್ಥವೇ ಇಲ್ಲ. ಹುಣಸೂರಿನಿಂದ ಬರುತ್ತಿದ್ದ ಬಟ್ಟೆ ಗಂಟಿನ ವ್ಯಾಪಾರಿ ಬರುವುದನ್ನೇ ಬಿಟ್ಟ. ಅತ್ತಿಗೆಗೆ ಇದ್ದದ್ದು ಒಂದೇ ಒಂದು ಸೀರೆ, ಅದೂ ತೇಪೆಯ ಮೇಲೆ ತೇಪೆ. ಸತ್ತ ಅತ್ತೆಯ ಸೀರೆಗಳು ಪದ್ಧತಿಯಂತೆ ಹೆಣ ಎತ್ತಿದ ದಿನವೇ ಮಡಿವಾಳರ ಪಾಲಾಗಿದ್ದವು. ಒಗೆಯಬೇಕಾದರೆ ಅರ್ಧ ಉಟ್ಟುಕೊಂಡು ಅರ್ಧ ಒಗೆದು, ಅದು ಒಣಗಿದ ಮೇಲೆ ಇನ್ನರ್ಧ. ಬೆನ್ನ ಕಡೆ ಹರಿದಾಗ ಅವಳು ಬಾವಿಗೆ ಹೋಗುವುದನ್ನು ನಿಲ್ಲಿಸಿದಳು. ಮೊಣಕಾಲಿನ ಹತ್ತಿರ ಹರಿದಾಗ ಕೊಯ್ಲಿಗೆ ಹೋಗುವುದನ್ನು ನಿಲ್ಲಿಸಿದಳು. ಕೊನೆಗೆ ಯಾರಾದರೂ ಮನೆಗೆ ಬಂದರೆ ಒಳಬಾಗಿಲ ಹಿಂದೆ ನಿಂತೇ ಮಾತಾಡುವಳು. ನನ್ನ ಹತ್ತಿರ ಎರಡಿದ್ದವು, ಒಂದು ಕೊಟ್ಟೆ. ಮೂರು ದಿನ ಉಟ್ಟು, ಒಗೆದು, ಮಡಿಸಿ ವಾಪಸು ತಂದಿಟ್ಟಳು.

“ಎಳೇ ಕೂಸಿನ್ ತಾಯಿ ಕಣವ್ವ ನೀನು. ದಿನಕ್ ನಾಕ್ ಸಲ ಒದ್ದೆ ಆಯ್ತದೆ. ನಿಂಗೇ ಬೇಕು, ಬುಡು.”

ಅಷ್ಟರಲ್ಲಿ ಕಂಟ್ರೋಲು ಬಟ್ಟೆ ಬರುತ್ತದೆಂದು ಟಾಂಟಾಂ ಆಯಿತು. ಕೋಟೆಯಲ್ಲಿ ಡಿಪೋ. ಹೆಣ್ಣಾಳಿಗೆ ಒಂದು ಸೀರೆ, ಗಂಡಾಳಿಗೆ ಒಂದು ಪಂಚೆ. ಆದರೆ ಊರೂರಿನಿಂದಲೂ ಮನೆಮಂದಿಯ ಹೆಸರು ಬರೆದು ಕಳಿಸಬೇಕು. ಹೆಸರು ಇದ್ದವರಿಗೆ ಬಟ್ಟೆ, ಇಲ್ಲದವರಿಗೆ ಇಲ್ಲ. ಬರೆಯಬೇಕಾದ ಶ್ಯಾನುಭೋಗರು ನಮ್ಮ ಸೀಮೆಯ ಜ್ವರಕ್ಕೆ ಹೆದರಿ ನಾಲ್ಕು ತಿಂಗಳಿಂದ ಮೈಸೂರಿನಲ್ಲೇ ಮಲಗಿದ್ದರು. ಪಟೇಲರಿಗೆ ರುಜು ಹಾಕಲು ಬಂದರೆ ಅದೇ ಹೆಚ್ಚು. ಊರವರೆಲ್ಲ ಸೇರಿ ಬಂದು ನನ್ನ ಮಾವನ ಜಗುಲಿ ಮುಂದೆ ನಿಂತರು.

“ನೀವೇ ಆಗ್ಬೇಕು ದಫೇದಾರ್ರೇ. ಕಚೇರಿ ಕಂಡೋರು ನೀವೊಬ್ರೇಯ.”

ಅವನ ಮುಖ ನೋಡಬೇಕಿತ್ತು ನೀವು. ಮದುವೆಯ ಗಂಡಿಗೂ ಅಷ್ಟು ಕಳೆ ಬರುವುದಿಲ್ಲ. ಆದರೆ ಅವನ ಅಕ್ಷರವೋ, ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುವ ದನ. ಅದು ಅವನಿಗೂ ಗೊತ್ತಿತ್ತು. ಆದ್ದರಿಂದ ಅವನು ಹೇಳುವುದು, ನಾನು ಹೊಸಿಲ ಒಳಗೆ ಕೂತು ಬರೆಯುವುದು ಎಂದಾಯಿತು. ಬರೆದವಳು ನಾನು ಎಂದು ಕೋಟೆಯಲ್ಲಿ ಯಾರಿಗೂ ಹೇಳಬಾರದು ಎಂದೂ ಆಯಿತು.

ಮೊದಲ ದಿನ ಒಂದು ಹೆಸರೂ ಬರೆಯಲಿಲ್ಲ. ಇದನ್ನು ಏನೆಂದು ಕರೆಯಬೇಕು ಎಂಬುದರಲ್ಲೇ ಹೊತ್ತು ಹೋಯಿತು. ತಲೆಬರಹಕ್ಕೆ ಪಟ್ಟಿ ಸಾಲದು, ಯಾದಿ ಹಗುರ, ಗೆರೆ ಇರುವುದರಿಂದ ತಖ್ತೆಯೋ, ಕಟ್ಟಳೆ ಇರುವುದರಿಂದ ಜಾಬಿತಾವೋ. ಹೊಲದ ಕೆಲಸ ಬಿಟ್ಟು ಬಂದ ಜನ ಬಿಸಿಲಲ್ಲಿ ಕೂತು ಅವನ ಬಾಯಿ ನೋಡುತ್ತಿದ್ದರು. ಪಟೇಲರು ಮಾತ್ರ ಧೈರ್ಯ ಮಾಡಿ, “ಕೋಟೇಲಿ ಲಿಸ್ಟು ಅಂತಾರೆ ಕಣ್ರೀ, ಅಂಗೇ ಬರ್ಸಿ” ಎಂದರು. ಅವನು ಅವರನ್ನು ನೋಡಿದ ನೋಟಕ್ಕೆ ಪಟೇಲರು ಎಲೆಅಡಿಕೆ ತೆಗೆದುಕೊಂಡು ಎದ್ದುಹೋದರು. ಲಿಸ್ಟು ಎಂಬ ಇಂಗ್ಲಿಷ್ ಮಾತೂ ಮೊದಲಿಗೆ ಬಟ್ಟೆಯ ಅಂಚಿಗೇ ಇದ್ದ ಹೆಸರು ಎಂದು ಬಹಳ ವರ್ಷದ ಮೇಲೆ ನಮ್ಮಪ್ಪ ನನಗೆ ಹೇಳಿದ. ಕೇಳಿ ನನಗೆ ಮೈಯೆಲ್ಲ ಉರಿಯಿತು. ನಮ್ಮ ಪಟ್ಟಿ ಬಟ್ಟೆಯ ಸೀಳು, ಅವರ ಲಿಸ್ಟು ಬಟ್ಟೆಯ ಅಂಚು, ಇದನ್ನೆಲ್ಲ ಬಾಯಲ್ಲಿ ಅಗಿಯುವ ಗಂಡಸಿನ ಮನೆಯ ಒಳಬಾಗಿಲ ಹಿಂದೆ ಒಬ್ಬ ಹೆಂಗಸು ಮೈ ಮುಚ್ಚಿಕೊಳ್ಳಲು ಬಟ್ಟೆಯಿಲ್ಲದೆ ನಿಂತಿದ್ದಳು. ಕೊನೆಗೆ ‘ಜಾಬಿತಾ’ ಎಂದೇ ಬರೆಸಿದ.

ಎರಡನೆಯ ದಿನ ಬರೆಯಲು ಕೂತೆವು. ಹೆಸರು ಹೇಳಲು ಬಂದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಪಕ್ಕದವಳು ಇವಳ ಗಂಡನ ಹೆಸರು ಹೇಳಬೇಕು, ಅವಳ ಗಂಡನದನ್ನು ಇವಳು. ಅದೊಂದು ನಗುವಿನ ಸಂಭ್ರಮ. ಮಾವನಿಗೆ ನಗು ಸೇರದು. ಪ್ರತಿ ಮನೆಗೂ ಒಂದೇ ಕ್ರಮ: ಮೊದಲ ಸಾಲಿನಲ್ಲಿ ಯಜಮಾನ, ಎರಡನೆಯ ಸಾಲಿನಲ್ಲಿ ಯಜಮಾನನ ಹೆಂಡತಿ, ಆಮೇಲೆ ಗಂಡುಮಕ್ಕಳು, ಸೊಸೆಯರು, ಮದುವೆಯಾಗದ ಹೆಣ್ಣುಮಕ್ಕಳು. ಸತ್ತವರ ಹೆಸರಿನಲ್ಲಿ ಒಂದು ಸೀರೆ ಬಂದರೆ ಬರಲಿ ಎಂದು ಒಬ್ಬಿಬ್ಬರು ಸತ್ತ ತಾಯಿಯನ್ನೂ ಬರೆಸಲು ನೋಡಿದರು. ಅವನು ಹುಲಿಯಾದ. “ಸರ್ಕಾರಕ್ಕೇ ಟೋಪಿ ಆಕ್ತೀರಾ? ಒಡ್ದಾಕವ್ವ ಅದ್ನ” ಎಂದು ಒಂದೊಂದನ್ನೂ ಹೊಡೆದುಹಾಕಿಸಿದ.

ಕೊನೆಗೆ ನಮ್ಮ ಮನೆ. ಮೊದಲ ಸಾಲಿಗೆ ತನ್ನ ಹೆಸರು ಹೇಳಿದ. ಎರಡನೆಯ ಸಾಲಿಗೆ ನನ್ನ ಅತ್ತೆಯ ಹೆಸರು ಹೇಳಿದ.

ನಾನು ಕೈ ನಿಲ್ಲಿಸಿದೆ. “ಅತ್ತೆಯವರು ಹೋಗಿಬಿಟ್ಟರಲ್ಲ ಮಾವಾರೇ.”

“ಗೊತ್ತು, ಬರಿ. ಇಂದ್ಲ ಸೀಮೆಎಣ್ಣೆ ಜಾಬಿತಾದಲ್ಲಿ ಅವ್ಳ ಎಸ್ರೈತೆ. ಇದು ಅದ್ಕೆ ತಾಳೆ ಆಗ್ಬೇಕು. ಎಂಡ್ತಿ ಖಾನೆ ಖಾಲಿ ಇದ್ರೆ ಕಚೇರೀಲಿ ನನ್ನ ಯಜಮಾನ ಅಂತಾರಾ? ಯಾವನೋ ಪರದೇಸಿ ಅಂತಾರೆ.”

ಬರೆದೆ. ಅತ್ತೆ ಬದುಕಿದ್ದರೆ ಎಷ್ಟಾಗುತ್ತಿತ್ತೆಂದು ಲೆಕ್ಕ ಹಾಕಿ ಅವನೇ ಹೇಳಿದ ವಯಸ್ಸನ್ನೂ ಬರೆದೆ, ಐವತ್ತೆಂಟು. ಮೂರನೆಯದು ನನ್ನ ಗಂಡ, ನಾಲ್ಕನೆಯದು ನಾನು, ನನ್ನ ಮಕ್ಕಳು. “ಮುಗೀತು, ಗೆರೆ ಎಳಿ” ಎಂದ.

“ಅತ್ತಿಗೆ ಹೆಸರು?”

“ಕೊಟ್ಟ ಎಣ್ಣು. ಅವ್ಳು ಬೇಗೂರು ಜಾಬಿತಾದಲ್ಲಿ ಬತ್ತಾಳೆ.”

“ಅಲ್ಲಿ ಬರೆಸುತ್ತಾರಾ ಮಾವಾರೇ?”

“ಬರ್ಸಬೇಕು. ಕಾನೂನು ಅದು.”

ಬಾಗಿಲ ಹಿಂದೆ ಅತ್ತಿಗೆ ನಿಂತಿದ್ದದ್ದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವನು ದನಿ ತಗ್ಗಿಸಲೂ ಇಲ್ಲ.

ನಾನು ಹಟ ಹಿಡಿದು ಗಂಡನನ್ನು ಬೇಗೂರಿಗೆ ಅಟ್ಟಿದೆ. ಅವನು ಮೂರನೆಯ ದಿನ ತಿರುಗಿ ಬಂದು, ಕಾಲು ತೊಳೆದುಕೊಂಡು, ಕಂಬಕ್ಕೆ ಒರಗಿ, “ಅಲ್ಲಿ ಎರಡ್ನೇವ್ಳ ಎಸ್ರು ಬರ್ಸವ್ರೆ. ಅಕ್ಕಂದು ಇಲ್ಲ” ಎಂದ. ಮಾವ ತಲೆದೂಗಿದ. “ಅಂಗಾದ್ರೆ ತಕರಾರು ಅರ್ಜಿ ಆಕ್ಬೇಕು” ಎಂದು ಹೇಳಿ, ದೊಡ್ಡ ಕೆಲಸವೊಂದು ತೀರಿದ ಹಾಗೆ ಎಲೆಗೆ ಸುಣ್ಣ ಸವರಿದ. ಅರ್ಜಿ ಯಾರು ಹಾಕಬೇಕು, ಯಾರಿಗೆ ಹಾಕಬೇಕು ಎಂದು ಹೇಳಲಿಲ್ಲ. ನನ್ನ ಗಂಡನೂ ಕೇಳಲಿಲ್ಲ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಕಬಿನಿಗೆ ಎಸೆಯೋಣ ಅನ್ನಿಸಿತ್ತು ನನಗೆ.

ಆ ಸಂಜೆ ನಾನು ಒಂದು ಕೆಲಸ ಮಾಡಿದೆ. ನಮ್ಮ ಮನೆಯ ಸಾಲುಗಳ ಕೆಳಗೆ ಜಾಗ ಉಳಿದಿತ್ತು. ಅದೇ ಮಸಿಯಲ್ಲಿ, ಅದೇ ಅಕ್ಷರದಲ್ಲಿ, ಅತ್ತಿಗೆಯ ಹೆಸರು ಬರೆದು ಪಕ್ಕದ ಖಾನೆಯಲ್ಲಿ ‘ಮಗಳು’ ಎಂದು ಬರೆದೆ. ಮಾರನೆಯ ಬೆಳಿಗ್ಗೆ ಅವನು ಬೆರಳಿಟ್ಟು ಓದುತ್ತ ಬಂದು ಅಲ್ಲಿ ನಿಂತ. ನನ್ನನ್ನು ಕರೆದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನಗೆ ತಿಳಿಸಿ ಹೇಳಿದ, ಅದೇ ಪಾಠದ ದನಿಯಲ್ಲಿ.

“ಮಗಳು ಅಂತ ಬರ್ದೆ, ಸರಿ. ಮುಂದ್ಲ ಷರಾ ಖಾನೇಲಿ ಏನ್ ಬರೀತೀಯೆ? ಷರಾ ಅಂದ್ರೆ ಬಿಡಿಸಿ ಏಳದು. ಮದ್ವೆ ಆದ್ ಮಗಳು ಅಪ್ಪನ್ ಮನೇಲಿ ಯಾಕವ್ಳೆ ಅಂತ ಬಿಡಿಸಿ ಬರೀಬೇಕಾಯ್ತದೆ. ಗಂಡ ಬುಟ್ಟೋಳು ಅಂತ ಬರೀತೀಯಾ? ಕಚೇರೀಲಿ ನನ್ ಕೈಕೆಳ್ಗಿದ್ದೋರು ಇನ್ನೂ ಅವ್ರೆ ಕಣವ್ವ. ಓದ್ಕಂಡು ನಗಾಡ್ತಾರೆ.”

ಇಡೀ ಹಾಳೆಯನ್ನು ಮತ್ತೆ ಬರೆಸಿದ. ಕಚೇರಿಯ ಪದ್ಧತಿಯಂತೆ ಕೊನೆಯ ಹೆಸರಿನ ಕೆಳಗೆ ಉಳಿದ ಜಾಗಕ್ಕೆ ಅಡ್ಡಡ್ಡ ಎರಡು ಓರೆಗೆರೆ ಹೊಡೆದ, ಇನ್ನು ಯಾರೂ ಏನೂ ಸೇರಿಸದ ಹಾಗೆ. ಆ ಗೆರೆಗಳನ್ನು ಮಾತ್ರ ಅವನೇ ಎಳೆದ. ಪಟೇಲರ ರುಜು ಬಿತ್ತು, ಜಾಬಿತಾ ಕೋಟೆಗೆ ಹೋಯಿತು. ಒಳಗೆ ಅತ್ತಿಗೆ ಒಲೆ ಊದುತ್ತಿದ್ದಳು. ನಾನು ಅಳುತ್ತ ಹೋಗಿ ಪಕ್ಕದಲ್ಲಿ ಕೂತೆ. “ನೀ ಯಾಕ್ ಅಳ್ತೀಯ, ಮುಸುಡಿ ಒರ್ಸ್ಕ” ಎಂದು ಮತ್ತೆ ಒಲೆ ಊದಿದಳು.

ಒಂದೂವರೆ ತಿಂಗಳಿಗೆ ಬಟ್ಟೆ ಬಂತು. ಜೊತೆಗೆ ಒಂದು ಹೊಸ ಕಟ್ಟಳೆಯೂ ಬಂತು: ಒಬ್ಬರ ಸೀರೆ ಇನ್ನೊಬ್ಬರ ಕೈಗಿಲ್ಲ, ಹೆಂಗಸರು ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಬೇಕು. ಬಾರದವರ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ‘ಗೈರುಹಾಜರು’ ಎಂದು ಬರೆಯುತ್ತಾರೆ. ಇದನ್ನು ಕೇಳಿದ ಮಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಸೀರೆಗೆ ಅಲ್ಲ. ಜಾಬಿತಾದಲ್ಲಿ ತನ್ನ ಮನೆಯ ಎರಡನೆಯ ಸಾಲಿನಲ್ಲೇ ಕೆಂಪು ಮಸಿ ಬೀಳುತ್ತದಲ್ಲ, ಅದಕ್ಕೆ. ಯಾಕೆ ಗೈರು ಎಂದು ಯಾರಾದರೂ ಕೇಳಿದರೆ ಸತ್ತವಳನ್ನು ಬರೆಸಿದ್ದು ಹೊರಬೀಳುತ್ತದಲ್ಲ, ಅದಕ್ಕೆ. “ಮೈಗೆ ಉಸಾರಿಲ್ಲ ಅಂತ ಏಳ್ತೀನಿ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಆಗ ನನ್ನ ತಲೆಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಿತ್ತಲಲ್ಲಿ ಅತ್ತಿಗೆಗೆ ಹೇಳಿದೆ: ಅತ್ತೆಯ ಹೆಸರು ಕೂಗಿದಾಗ ನೀನು ಮುಂದೆ ಹೋಗು, ಹೆಬ್ಬೆಟ್ಟು ಒತ್ತು, ಸೀರೆ ಇಸಿದುಕೊ. ಗುಮಾಸ್ತ ಹೊರಗಿನವನು, ಅವನಿಗೆ ಯಾರ ಮುಖವೂ ಗೊತ್ತಿಲ್ಲ. ನಮ್ಮೂರವರು ಯಾರೂ ಬಾಯಿ ಬಿಡುವುದಿಲ್ಲ.

“ಅವ್ವನ್ ಎಸ್ರಿಗೆ ನಾನು ಓಗೊಡದಾ?” ಎಂದು ಅವಳು ಬಾಚುತ್ತಿದ್ದ ಸಗಣಿಯನ್ನು ಪೂರ್ತಿ ಬಾಚಿ ಮುಗಿಸಿದಳು. ಆಮೇಲೆ, “ಅವ್ವ ಇದ್ದಿದ್ರೆ ತನ್ನದ್ನ ನಂಗೇ ಕೊಡೋಳು. ಅಂಗೇ ಅನ್ಕಂತೀನಿ, ಬುಡು” ಎಂದಳು.

ಡಿಪೋ ಮುಂದೆ ನಮ್ಮ ಊರೆಲ್ಲ ಸೇರಿತ್ತು. ಅತ್ತಿಗೆ ಹರಿದ ಸೀರೆಯ ಮೇಲೆ ಕಂಬಳಿ ಹೊದ್ದು, ಆ ಬಿಸಿಲಲ್ಲಿ ಬೆವರುತ್ತ, ನನ್ನ ಹಿಂದೆ ನಿಂತಿದ್ದಳು. ಎಂಟು ತಿಂಗಳ ಮೇಲೆ ಹೊಸಿಲು ದಾಟಿ ಬಂದಿದ್ದಳು. ಗಂಡಸರ ನಡುವೆ ಎಲ್ಲೋ ಇರುತ್ತಾನೆಂದು ನಾನು ಎಣಿಸಿದ್ದ ಮಾವ ಗುಮಾಸ್ತರ ಮೇಜಿನ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಸಿಕೊಂಡು ಕೂತಿದ್ದ. ಜಾಬಿತಾ ಎಷ್ಟು ಅಂದವಾಗಿದೆ ಎಂದು ಗುಮಾಸ್ತರು ಹೊಗಳಿದರು. ನನ್ನ ಅಕ್ಷರವನ್ನು ಅವನ ಮುಖಕ್ಕೆ ಹೊಗಳಿದರು. “ಏನೋ ಸ್ವಾಮಿ, ಕಚೇರಿಯ ಅಭ್ಯಾಸ” ಎಂದು ಅವನು ಕಚೇರಿಯ ಕನ್ನಡದಲ್ಲಿ ನಾಚಿದ.

ಕೊನೆಗೆ ನಮ್ಮ ಮನೆಯ ಸರದಿ ಬಂತು. ಮೊದಲ ಹೆಸರು ಅವನದೇ, ಪಂಚೆ ಸಿಕ್ಕಿತು. ಎರಡನೆಯದಾಗಿ ನನ್ನ ಅತ್ತೆಯ ಹೆಸರು ಕೂಗಿದರು. ‘ಉಸಾರಿಲ್ಲ’ ಎನ್ನಲು ಅವನು ಬಾಯಿ ತೆರೆಯುವುದಕ್ಕೂ ಅತ್ತಿಗೆ ನನ್ನನ್ನು ಸರಿಸಿ ಮುಂದೆ ಬರುವುದಕ್ಕೂ ಸರಿಹೋಯಿತು.

“ಇವ್ನಿ ಸ್ವಾಮಿ.”

ಗುಮಾಸ್ತರು ಹಾಳೆ ನೋಡಿದರು, ಅವಳ ಮುಖ ನೋಡಿದರು. ಮೂವತ್ತೈದರ ಹೆಂಗಸು. “ವಯಸ್ಸು ಐವತ್ತೆಂಟು ಅಂತ ಇದೆಯಲ್ಲಮ್ಮ?” ಎಂದರು. ಅವಳು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡಳು. ಅವರು ಕೆಂಪು ಮಸಿಯ ಲೇಖನಿ ಕೈಗೆತ್ತಿಕೊಂಡು ಮಾವನ ಕಡೆ ತಿರುಗಿದರು. “ದಫೇದಾರರೇ, ಈಕೆ ನಿಮಗೆ ಏನಾಗಬೇಕು?”

ಅವನು ಹೇಳಬೇಕಾಗಿದ್ದದ್ದು ಎಷ್ಟು? ಮಗಳು ಸ್ವಾಮಿ, ಬರೆಸುವಾಗ ತಪ್ಪಾಯಿತು, ತಿದ್ದಿಕೊಳ್ಳಿ. ಅಷ್ಟೆ. ಗುಮಾಸ್ತರು ಒಳ್ಳೆಯವರು, ಅದಕ್ಕೆ ಮೊದಲು ಬಂದ ಊರಿನವರದು ಎಷ್ಟೋ ತಿದ್ದಿಕೊಂಡಿದ್ದರು. ಅವನು ಮಗಳ ಮುಖ ನೋಡಲಿಲ್ಲ. ಆ ಕೆಂಪು ಲೇಖನಿ ನೋಡಿದ. ಮೇಜಿನ ಮೇಲಿದ್ದ ಜಾಬಿತಾ ನೋಡಿದ. ನಮ್ಮ ಊರಿನಷ್ಟೂ ಜನ ಅವನನ್ನು ನೋಡುತ್ತಿದ್ದರು.

“ನನ್ನ ಹೆಂಡತಿ ಸ್ವಾಮಿ” ಎಂದ.

“ಎರಡನೆಯ ಸಂಬಂಧವೋ?”

“ಹೌದು ಸ್ವಾಮಿ. ವಯಸ್ಸು ಬರೆಯುವಾಗ ನಮ್ಮ ಸೊಸೆ ತಪ್ಪು ಮಾಡಿದ್ದಾಳೆ.”

ಗುಂಪಿನಲ್ಲಿ ಒಬ್ಬ ಮುದುಕಿ “ಅಯ್ಯೋ ಶಿವ್ನೇ” ಎಂದಳು. ನನ್ನ ಗಂಡ ನೆಲ ನೋಡುತ್ತಿದ್ದ. ಗುಮಾಸ್ತರು ಕೆಂಪು ಲೇಖನಿ ಕೆಳಗಿಟ್ಟು, ಕಪ್ಪು ಮಸಿಯಲ್ಲಿ ವಯಸ್ಸು ತಿದ್ದಿ, ಮಸಿಪಟ್ಟೆಯನ್ನು ಮುಂದೆ ತಳ್ಳಿದರು. ಅತ್ತಿಗೆ ಹೆಬ್ಬೆಟ್ಟು ಒತ್ತಿದಳು. ಒರಟು ನೂಲಿನ ನೀಲಿ ಸೀರೆ, ಬೆರಳಗಲದ ಕೆಂಪಂಚು. ಎರಡು ಕೈಯಲ್ಲಿ ಇಸಿದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳ ಕೈ ಹಿಡಿದುಕೊಂಡೆ. ಆ ಬಿಸಿಲಲ್ಲಿ ತಣ್ಣಗೆ ಕೊರೆಯುತ್ತಿತ್ತು.

ಗಾಡಿಯಲ್ಲಿ ತಿರುಗಿ ಬರುವಾಗ ಮಾತಾಡಿದವನು ಅವನೊಬ್ಬನೇ. “ಇಡೀ ಊರಿನ್ ಜಾಬಿತಾದಾಗೆ ಒಂದ್ ಕೆಂಪ್ ಷರಾ ಬಿದ್ದಿಲ್ಲ, ನೋಡ್ದಾ?” ಎಂದು ಮಗನನ್ನು ಎರಡು ಸಲ ಕೇಳಿದ. ನಾನು ಗಾಡಿಯ ಹಿಂಬದಿ ಕೂತು, ಇಂಥವನಿಗೆ ದಿನಕ್ಕೆ ಎರಡು ಹೊತ್ತು ಮುದ್ದೆ ಬಡಿಸಬೇಕಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ಕಡಿದು ಏನು ಬಂತು? ಓಗೊಡು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ.

ಮನೆಗೆ ಬಂದು ಅತ್ತಿಗೆ ಮಿಂದು ಸೀರೆ ಉಟ್ಟಳು. ಒಲೆ ಹೊತ್ತಿಸಿದಳು, ಮುದ್ದೆ ತೊಳಸಿದಳು, ತಟ್ಟೆ ತಂದು ಅವನ ಮುಂದಿಟ್ಟಳು. ಅವನು ಮೇಲಕ್ಕೆ ನೋಡಿ, “ಸೀರೆ ಒಪ್ತದೆ ಕಣ್ ಮಗ” ಎಂದ.

“ಮಗ ಅನ್ಬೇಡ” ಎಂದಳು ಅವಳು. ದನಿ ಏರಲಿಲ್ಲ. “ಆ ಮಾತ್ನ ಕೋಟೇಲಿ ಬುಟ್ಟು ಬಂದೆ ನೀನು.”

ಆ ಮೇಲೆ ಅವನು ಆರು ವರ್ಷ ಬದುಕಿದ್ದ. ಆ ಆರು ವರ್ಷವೂ ಅವಳೇ ಅವನಿಗೆ ಬಡಿಸಿದಳು, ಅವಳೇ ನೀರು ಕಾಯಿಸಿದಳು. ಒಂದು ದಿನವೂ ಅಪ್ಪ ಎಂದು ಕರೆಯಲಿಲ್ಲ. ಕರೆಯಲೇಬೇಕಾದಾಗ ನನ್ನ ಮಕ್ಕಳಿಗೆ “ನಿಮ್ ತಾತುನ್ ಕರೀರಿ” ಎನ್ನುವಳು. ಮಕ್ಕಳು ಇಲ್ಲದಿದ್ದರೆ ತಟ್ಟೆಯನ್ನು ಸ್ವಲ್ಪ ಸದ್ದು ಮಾಡಿ ಇಡುವಳು. ಮೊದಮೊದಲು ಅವನು ಗಮನಿಸಲೇ ಇಲ್ಲ. ಗಮನಿಸಿದ ಮೇಲೆ ಜಗುಲಿಯ ಪಾಠಗಳು ಕಡಿಮೆಯಾದವು, ಆಮೇಲೆ ನಿಂತೇಹೋದವು. ನನಗೆ ಅದರಿಂದ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷವಾಯಿತು.

ಕೊನೆಗೆ ಅವನೂ ಜ್ವರದಲ್ಲೇ ಮಲಗಿದ. ಹದಿನಾರು ದಿನ ಅತ್ತಿಗೆ ಮಗ್ಗುಲು ಬದಲಿಸಿದಳು, ಬಟ್ಟೆ ಬದಲಿಸಿದಳು. ಒಂದು ಮಧ್ಯಾಹ್ನ ಅವಳು ಗಂಜಿ ಕುಡಿಸುತ್ತಿದ್ದಾಗ ನಾನು ಅಲ್ಲೇ ಇದ್ದೆ. ಅವನು ಅವಳ ಮಣಿಕಟ್ಟು ಹಿಡಿದುಕೊಂಡ.

“ಒಂದ್ಸಲ ಅಪ್ಪಾ ಅನ್ನವ್ವ.”

ಅವಳು ಬಟ್ಟಲನ್ನು ಹಾಗೇ ಹಿಡಿದು, ಅವನು ಕೈ ಬಿಡುವವರೆಗೂ ಕಾದಳು. ಬಿಟ್ಟ ಮೇಲೆ ಉಳಿದ ಗಂಜಿಯನ್ನು ಕುಡಿಸಿ, ಬಾಯಿ ಒರೆಸಿ, ಬಟ್ಟಲು ತೊಳೆಯಲು ಹಿತ್ತಲಿಗೆ ಹೋದಳು.